ಕರೆಂಟ್ ಮುಗಿದ ಮೇಲೆ ಬರುವ ಕತ್ತಿನ ಊತ

ಬಾಯಿ-ಗಂಟಲಿನ ಕ್ಯಾನ್ಸರಿಗೆ ಮೂವತ್ತೋ ಮೂವತ್ತೈದೋ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಮುಗಿಸಿ ಆಸ್ಪತ್ರೆಯಿಂದ ಊರಿಗೆ ಮರಳಿದವರ ಮನೆಯಲ್ಲಿ ಮೊದಲ ಒಂದೆರಡು ತಿಂಗಳು ಎಲ್ಲರ ಗಮನ ಬಾಯಿಹುಣ್ಣಿನ ಕಡೆಗೆ, ರುಚಿ ಸತ್ತ ನಾಲಿಗೆಯ ಕಡೆಗೆ, ಹೊತ್ತುಹೊತ್ತಿಗೆ ಗಂಜಿ ಇಳಿಯಿತೇ ಎಂಬುದರ ಕಡೆಗೇ ಇರುತ್ತದೆ. ಹುಣ್ಣು ಮಾಯುತ್ತದೆ. ಕಪ್ಪಾದ ಚರ್ಮ ಉದುರಿ ಹೊಸದು ಬರುತ್ತದೆ. ಸ್ಕ್ಯಾನ್ ನೋಡಿದ ಡಾಕ್ಟರು ರೋಗದ ಸುಳಿವಿಲ್ಲ ಎನ್ನುತ್ತಾರೆ. ಮನೆಯವರು ನಿಟ್ಟುಸಿರು ಬಿಟ್ಟು ಕೆಲವು ವಾರ ಕಳೆಯುವಷ್ಟರಲ್ಲಿ ಅಂಗಿಯ ಮೇಲಿನ ಗುಂಡಿ ಬಿಗಿಯಾಗತೊಡಗುತ್ತದೆ. ಗದ್ದದ ಕೆಳಗೆ ಮೆತ್ತನೆಯ ಊತ ಜೋಲುಬೀಳುತ್ತದೆ. ಬೆಳಗ್ಗೆ ಎದ್ದಾಗ ಮುಖವೇ ದಪ್ಪಗಾದಂತೆ ಕಾಣುತ್ತದೆ, ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ಇಳಿದಿರುತ್ತದೆ.

ಆ ಕ್ಷಣಕ್ಕೆ ಮನಸ್ಸು ಹೋಗುವುದು ಒಂದೇ ಕಡೆ: ಕ್ಯಾನ್ಸರ್ ಮರುಕಳಿಸಿತೇ? ಕೇಳಲು ಹೆದರಿ ಎಷ್ಟೋ ಜನ ಮಫ್ಲರ್ ಸುತ್ತಿಕೊಳ್ಳುತ್ತಾರೆ, ಸೆರಗು ಮೇಲಕ್ಕೆಳೆದುಕೊಳ್ಳುತ್ತಾರೆ, ಮದುವೆ-ಮುಂಜಿಗೆ ಹೋಗುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಇಷ್ಟು ದೊಡ್ಡ ಗಂಡಾಂತರ ದಾಟಿ ಬಂದಮೇಲೆ ಇದೇನು ಮಹಾ ಎಂದು ಸುಮ್ಮನಾಗುತ್ತಾರೆ. ಮರುಕಳಿಕೆ ಅಲ್ಲವೆಂದು ವೈದ್ಯರೇ ನೋಡಿ ಹೇಳಬೇಕು, ಅದು ಸರಿ. ಆದರೆ ಬಹುಪಾಲು ಸಂದರ್ಭಗಳಲ್ಲಿ ಇದು ದುಗ್ಧರಸದ ಊತ, ಅಂದರೆ ಲಿಂಫೆಡೀಮಾ. ಇದಕ್ಕೆ ತನ್ನದೇ ಕಾರಣವಿದೆ, ತನ್ನದೇ ಚಿಕಿತ್ಸೆಯಿದೆ. ಬೇಗ ಕೈಹಚ್ಚಿದಷ್ಟೂ ಅದು ಹೆಚ್ಚು ಬಗ್ಗುತ್ತದೆ.

ರಕ್ತನಾಳಗಳಿಂದ ಸದಾ ಒಂದಿಷ್ಟು ದ್ರವ ಹೊರಗೆ ಜಿನುಗಿ ಅಂಗಾಂಶಗಳ ನಡುವೆ ಸೇರುತ್ತದೆ. ಅದರಲ್ಲಿ ನೀರಿನ ಜೊತೆ ಪ್ರೋಟೀನು, ಸತ್ತ ಕೋಶಗಳ ಚೂರು, ಕೆಲವೊಮ್ಮೆ ಸೂಕ್ಷ್ಮಾಣುಗಳೂ ಇರುತ್ತವೆ. ಈ ದ್ರವವನ್ನು ಹೀರಿ ಮತ್ತೆ ರಕ್ತಕ್ಕೆ ಮುಟ್ಟಿಸುವ ಕೆಲಸ ದುಗ್ಧನಾಳಗಳದು. ಕೂದಲಿಗಿಂತ ಸೂಕ್ಷ್ಮವಾಗಿ ಶುರುವಾಗುವ ಈ ನಾಳಗಳು ಒಂದಕ್ಕೊಂದು ಕೂಡುತ್ತ, ದಾರಿಯಲ್ಲಿ ಸಿಗುವ ಗ್ರಂಥಿಗಳಲ್ಲಿ ಸೋಸಿಕೊಳ್ಳುತ್ತ, ಕೊನೆಗೆ ಕತ್ತಿನ ಬುಡದಲ್ಲಿ, ಕೊರಳೆಲುಬಿನ ಹಿಂದಿನ ದೊಡ್ಡ ಸಿರೆಗಳಿಗೆ ಬಂದು ಸೇರುತ್ತವೆ. ದಿನಕ್ಕೆ ಹರಿಯುವುದು ಲೀಟರುಗಟ್ಟಲೆ. ರಕ್ತವನ್ನು ತಳ್ಳಲು ಹೃದಯವಿದೆ, ದುಗ್ಧರಸಕ್ಕೆ ಅಂಥ ಒಂದು ಪಂಪಿಲ್ಲ. ನಾಳದ ಗೋಡೆಯ ಮೃದು ಸಂಕೋಚನ, ಸುತ್ತಲಿನ ಸ್ನಾಯುಗಳ ಚಲನೆ, ಉಸಿರಾಟದ ಏರಿಳಿತ, ಪಕ್ಕದ ಧಮನಿಯ ಮಿಡಿತ ಇವೆಲ್ಲ ಸೇರಿ ಅದನ್ನು ಮುಂದಕ್ಕೆ ನೂಕುತ್ತವೆ.

ದೇಹದಲ್ಲಿರುವ 600ರಿಂದ 800 ದುಗ್ಧಗ್ರಂಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕುತ್ತಿಗೆಯೊಂದರಲ್ಲೇ ಇದೆ. ಬಾಯಿ, ಮೂಗು, ಗಂಟಲಿನ ಮೂಲಕ ಒಳಬರುವ ಸೋಂಕನ್ನು ಅಲ್ಲಿಯೇ ತಡೆಯಲು ದೇಹ ಮಾಡಿಕೊಂಡ ಏರ್ಪಾಡು ಅದು. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹರಡುವಾಗ ಮೊದಲು ಹಿಡಿಯುವ ದಾರಿಯೂ ಅದೇ. ಹೀಗಾಗಿ ಚಿಕಿತ್ಸೆ ಈ ಗ್ರಂಥಿಗಳನ್ನು ಬಿಟ್ಟುಕೊಟ್ಟು ಮುಂದೆ ಹೋಗುವಂತಿಲ್ಲ.

ಅಮೆರಿಕದ ಶಸ್ತ್ರಚಿಕಿತ್ಸಕ ಜಾರ್ಜ್ ಕ್ರೈಲ್ 1906ರಲ್ಲಿ ವಿವರಿಸಿದ ವಿಧಾನದಲ್ಲಿ ಕತ್ತಿನ ಒಂದು ಬದಿಯ ಗ್ರಂಥಿಗಳ ಜೊತೆಗೆ ದಪ್ಪ ಸ್ನಾಯು, ದೊಡ್ಡ ಸಿರೆ, ಭುಜವನ್ನೆತ್ತುವ ನರ ಎಲ್ಲವನ್ನೂ ತೆಗೆಯುತ್ತಿದ್ದರು. ಇಂದಿನ ವೈದ್ಯರು ಸಾಧ್ಯವಾದಾಗಲೆಲ್ಲ ಇವುಗಳನ್ನು ಉಳಿಸುತ್ತಾರೆ, ಆದರೆ ಗ್ರಂಥಿಗಳನ್ನು ತೆಗೆಯುವುದು ತಪ್ಪಿಲ್ಲ. ತಪ್ಪಿಸಬಾರದು ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನಮ್ಮ ದೇಶದಲ್ಲೇ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಆರಂಭಿಕ ಹಂತದ ಬಾಯಿಯ ಕ್ಯಾನ್ಸರಿನಲ್ಲಿ ಕತ್ತಿನ ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ. 80 ಮಂದಿ ಬದುಕಿದ್ದರೆ, ರೋಗ ಕತ್ತಿಗೆ ಬಂದ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ. 67.5 ಮಂದಿ ಮಾತ್ರ ಉಳಿದಿದ್ದರು ಎಂದು ತೋರಿಸಿತು. ಜಗತ್ತಿನ ಚಿಕಿತ್ಸಾ ಪದ್ಧತಿಯ ಮೇಲೆಯೇ ಪರಿಣಾಮ ಬೀರಿದ ಅಧ್ಯಯನ ಅದು. ಗ್ರಂಥಿ ಕಳೆದುಕೊಂಡು ಜೀವ ಉಳಿಸಿಕೊಳ್ಳುವುದು ಸರಿಯಾದ ಲೆಕ್ಕವೇ. ಆದರೆ ಆ ಲೆಕ್ಕದಲ್ಲಿ ಊತದ ಬಾಬ್ತೂ ಇದೆ ಎಂಬುದನ್ನು ರೋಗಿಗೆ ಮೊದಲೇ ತಿಳಿಸಬೇಕು.

ಶಸ್ತ್ರಚಿಕಿತ್ಸೆಯ ಮೇಲೆ ವಿಕಿರಣವೂ ಸೇರಿದರೆ ತೊಂದರೆ ಇಮ್ಮಡಿ. ಆರೇಳು ವಾರಗಳಲ್ಲಿ ಕತ್ತಿನ ಮೇಲೆ ಬೀಳುವ 60ರಿಂದ 70 ಗ್ರೇ ವಿಕಿರಣ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಜೊತೆಗೆ ಉಳಿದ ಗ್ರಂಥಿಗಳನ್ನು ಕುಗ್ಗಿಸುತ್ತದೆ, ಸಣ್ಣ ನಾಳಗಳು ಹೊಸದಾಗಿ ಚಿಗುರದಂತೆ ಮಾಡುತ್ತದೆ, ಸುತ್ತಲಿನ ಮೃದು ಅಂಗಾಂಶವನ್ನು ನಾರುಗಟ್ಟಿಸುತ್ತದೆ. ಬರುವ ದ್ರವ ಅಷ್ಟೇ ಇರುತ್ತದೆ, ಹೋಗುವ ದಾರಿ ಕಿರಿದಾಗುತ್ತದೆ. ರಾತ್ರಿ ಮಲಗಿದಾಗ ತಲೆಯಿಂದ ಕೆಳಗಿಳಿಯಲು ಗುರುತ್ವದ ಸಹಾಯವೂ ಇಲ್ಲದೆ ದ್ರವ ಅಲ್ಲೇ ನಿಲ್ಲುತ್ತದೆ. ಬೆಳಗಿನ ಊತಕ್ಕೆ ಕಾರಣ ಇದೇ. ಹೀಗೆ ನಿಂತ ದ್ರವದಲ್ಲಿ ಪ್ರೋಟೀನು ಹೆಚ್ಚು. ಅದು ಉರಿಯೂತವನ್ನು ಕರೆಯುತ್ತದೆ, ಉರಿಯೂತ ನಾರನ್ನು ಬೆಳೆಸುತ್ತದೆ, ನಾರು ಉಳಿದ ನಾಳಗಳನ್ನೂ ಹಿಸುಕುತ್ತದೆ. ಮೊದಲು ಮೆತ್ತಗಿದ್ದ ಊತ ಬೆರಳಿನಿಂದ ಒತ್ತಿದರೆ ಕುಳಿ ಬೀಳುವ ಹಂತಕ್ಕೆ ಬಂದು, ಆಮೇಲೆ ಒತ್ತಿದರೂ ಕುಳಿ ಬೀಳದಷ್ಟು ಗಡುಸಾಗುತ್ತದೆ. ಮೆತ್ತಗಿರುವಾಗ ಹಿಂದಕ್ಕೆ ಹೋಗುವ ಊತ ಗಡುಸಾದ ಮೇಲೆ ಪೂರ್ತಿ ಹೋಗುವುದಿಲ್ಲ. ಸಾಮಾನ್ಯವಾಗಿ ಇದು ಗೋಚರಿಸುವುದು ಚಿಕಿತ್ಸೆ ಮುಗಿದು ಎರಡರಿಂದ ಆರು ತಿಂಗಳೊಳಗೆ. ಆ ತಿಂಗಳುಗಳೇ ಅಮೂಲ್ಯ.

ಕನ್ನಡಿಯಲ್ಲಿ ಕಾಣುವುದು ಇದರ ಒಂದು ಪಾಲು ಮಾತ್ರ. ಅಮೆರಿಕದ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜೀ ಡೆಂಗ್ ಮತ್ತು ಸಹ ಸಂಶೋಧಕರು ತಲೆ-ಕತ್ತಿನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 81 ಮಂದಿಯನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 61 ಮಂದಿಗೆ ಯಾವುದೋ ಒಂದು ಬಗೆಯ ಲಿಂಫೆಡೀಮಾ ಇತ್ತು. ಬರೀ ಹೊರಗೆ ಊತವಿದ್ದವರು ಆರೇ ಜನ. ಉಳಿದ 55 ಮಂದಿಯ ಗಂಟಲಿನೊಳಗೆ, ಧ್ವನಿಪೆಟ್ಟಿಗೆಯ ಸುತ್ತ, ನಾಲಿಗೆಯ ಬುಡದಲ್ಲಿ ಊತ ಕಂಡಿತು. ಅವರಲ್ಲಿ 24 ಜನರ ಊತ ಹೊರಗೆ ಕಾಣುತ್ತಲೇ ಇರಲಿಲ್ಲ. ಅನ್ನ ಗಂಟಲಲ್ಲಿ ನಿಲ್ಲುವುದು, ನೀರು ಕುಡಿದರೆ ಕೆಮ್ಮು ಬರುವುದು, ಮಾತು ದಪ್ಪವಾಗುವುದು, ಮಲಗಿದರೆ ಉಸಿರು ಕಟ್ಟಿದಂತಾಗುವುದು ಇವೆಲ್ಲ ಒಳಗಿನ ಊತದ ಲಕ್ಷಣಗಳಿರಬಹುದು. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ತಿಳಿಯುತ್ತದೆ. ಕತ್ತು ನೆಟ್ಟಗೆ ಕಾಣುತ್ತಿದೆಯಲ್ಲ ಎಂದು ಮನೆಯವರು ರೋಗಿಯ ದೂರನ್ನು ತಳ್ಳಿಹಾಕುವುದು ಬಹಳ ನೋವಿನ ಸಂಗತಿ. ಆತ ಊಟ ಬಿಡುತ್ತಿರುವುದು ಹಟದಿಂದಲ್ಲ.

ಬಾವು ಕಂಡರೆ ಎಣ್ಣೆ ಕಾಯಿಸಿ ತಿಕ್ಕುವುದು, ಉಪ್ಪಿನ ಗಂಟಿನ ಶಾಖ ಕೊಡುವುದು ನಮ್ಮ ಮನೆಗಳ ರೂಢಿ. ಪ್ರೀತಿಯಿಂದಲೇ ಮಾಡುತ್ತಾರೆ. ಈ ಊತಕ್ಕೆ ಮಾತ್ರ ಎರಡೂ ಕೂಡದು. ಶಾಖ ಕೊಟ್ಟರೆ ಆ ಜಾಗಕ್ಕೆ ರಕ್ತ ಹೆಚ್ಚು ನುಗ್ಗಿ ಇನ್ನಷ್ಟು ದ್ರವ ಜಿನುಗುತ್ತದೆ. ಶಸ್ತ್ರಚಿಕಿತ್ಸೆಯಾದ ಕತ್ತಿನಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಜೋರಾಗಿ ತಿಕ್ಕಿದರೆ ಚರ್ಮದ ಅಡಿಯಲ್ಲೇ ಇರುವ ನವಿರಾದ ನಾಳಗಳು ಮುಚ್ಚಿಕೊಳ್ಳುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಇಲ್ಲಿ ಕೆಲಸಕ್ಕೆ ಬಾರದು. ನೀರು ಹೋದರೂ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ.

ಕೆಲಸಕ್ಕೆ ಬರುವುದು ಬಹಳ ಹಗುರವಾದ, ಲೆಕ್ಕಾಚಾರದ ಒಂದು ನೀವಿಕೆ. ಅದರ ಕಥೆ ಶುರುವಾಗಿದ್ದೂ ಕತ್ತಿನಿಂದಲೇ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ದಕ್ಷಿಣ ಫ್ರಾನ್ಸಿನಲ್ಲಿ ದೈಹಿಕ ಚಿಕಿತ್ಸೆ ನೀಡುತ್ತಿದ್ದರು. ಸದಾ ನೆಗಡಿಯಿಂದ ಬಳಲುವವರ ಕತ್ತಿನ ಗ್ರಂಥಿಗಳು ಊದಿರುವುದನ್ನು ಗಮನಿಸಿ, ಅಲ್ಲಿ ಮೃದುವಾಗಿ ವೃತ್ತಾಕಾರದಲ್ಲಿ ಚರ್ಮವನ್ನು ಸರಿಸುವ ಪ್ರಯೋಗ ನಡೆಸಿದರು. ಗ್ರಂಥಿಗಳನ್ನು ಮುಟ್ಟಲೇಬಾರದು ಎಂದು ವೈದ್ಯರು ನಂಬಿದ್ದ ಕಾಲ ಅದು. 1936ರಲ್ಲಿ ಪ್ಯಾರಿಸ್ಸಿನಲ್ಲಿ ದಂಪತಿ ತಮ್ಮ ವಿಧಾನವನ್ನು ಸಾರ್ವಜನಿಕವಾಗಿ ಪರಿಚಯಿಸಿದರು. ಮುಂದೆ ಜರ್ಮನಿಯ ಮಿಖಾಯೆಲ್ ಫೋಲ್ಡಿ ಮತ್ತು ಎಥೆಲ್ ಫೋಲ್ಡಿ ದಂಪತಿ ಇದಕ್ಕೆ ಒತ್ತುಪಟ್ಟಿ, ವ್ಯಾಯಾಮ, ಚರ್ಮದ ಆರೈಕೆಗಳನ್ನು ಸೇರಿಸಿ ಪೂರ್ಣ ಚಿಕಿತ್ಸೆಯಾಗಿ ರೂಪಿಸಿದರು. ಸ್ತನ ಕ್ಯಾನ್ಸರಿನ ನಂತರ ಕೈ ಊದಿದವರಿಗೆ, ಆನೆಕಾಲು ರೋಗಿಗಳಿಗೆ ನೆರವಾದದ್ದೂ ಇದೇ ತತ್ತ್ವ. ಕನ್ನಡಿಗರಿಗೆ ಹತ್ತಿರದ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಅವರ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಆಧುನಿಕ ವೈದ್ಯದ ಜೊತೆ ಆಯುರ್ವೇದ, ಯೋಗವನ್ನು ಕೂಡಿಸಿ ಕೈಕಾಲುಗಳ ಲಿಂಫೆಡೀಮಾಕ್ಕೆ ಚಿಕಿತ್ಸೆ ನೀಡುತ್ತ ಬಂದಿದೆ. ಕತ್ತಿನ ಊತ ಅದಕ್ಕಿಂತ ಭಿನ್ನ. ಕೈಕಾಲಿಗೆ ಸುತ್ತಿದಂತೆ ಕತ್ತಿಗೆ ಬಿಗಿಯಾಗಿ ಪಟ್ಟಿ ಸುತ್ತಲು ಬರುವುದಿಲ್ಲ, ಉಸಿರು ಮತ್ತು ರಕ್ತದ ಹಾದಿ ಅಲ್ಲೇ ಇದೆ.

ನೀವಿಕೆಯ ಕ್ರಮವೇ ಇದರ ಜೀವಾಳ. ಊದಿರುವುದು ಗದ್ದದ ಕೆಳಗೆ, ಹಾಗಾಗಿ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಚಿಕಿತ್ಸಕರು ಹಾಗೆ ಮಾಡುವುದಿಲ್ಲ. ಅಡಿಕೆ ತೋಟದಲ್ಲಿ ನೀರು ನಿಂತರೆ ಮೊದಲು ಬಿಡಿಸುವುದು ಕೆಳಗಿನ ಬಸಿಗಾಲುವೆಯ ಬಾಯನ್ನು, ಮೇಲಿನ ಸಾಲನ್ನಲ್ಲ. ಇಲ್ಲಿಯೂ ಹಾಗೆಯೇ. ಮೊದಲು ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಕೆಲವು ಸಲ ಉಸಿರು ಎಳೆದು ಬಿಡಬೇಕು. ಎದೆಯೊಳಗಿನ ಮುಖ್ಯ ದುಗ್ಧನಾಳ ಅದರಿಂದ ಚುರುಕಾಗುತ್ತದೆ. ಆಮೇಲೆ ಕಂಕುಳು, ಕೊರಳೆಲುಬಿನ ಮೇಲಿನ ಗುಳಿ, ಅನಂತರ ಕತ್ತಿನ ಪಕ್ಕ, ಕಟ್ಟಕಡೆಗೆ ಗದ್ದ, ಕೆನ್ನೆ. ಅಲ್ಲಿಂದ ದ್ರವವನ್ನು ಮತ್ತೆ ಅದೇ ದಾರಿಯಲ್ಲಿ ಕೆಳಕ್ಕೆ ಕರೆತರಬೇಕು. ಚರ್ಮ ಮಾತ್ರ ಸರಿಯಬೇಕು, ಸ್ನಾಯುವಿಗೆ ಒತ್ತು ತಾಗಬಾರದು. ಎಣ್ಣೆ ಬೇಡ, ಕೈ ಜಾರುತ್ತದೆ. ಇಷ್ಟು ಹಗುರವಾದ ಸ್ಪರ್ಶ ಏನು ಮಾಡೀತು ಎಂದು ಮೊದಮೊದಲು ಯಾರಿಗೂ ಅನ್ನಿಸುತ್ತದೆ. ನಾಳಗಳು ಇರುವುದು ಚರ್ಮದ ಕೆಳಗೇ ಆದ್ದರಿಂದ ಅಷ್ಟೇ ಸಾಕು.

ಆದರೆ ಓದಿಯೋ ವಿಡಿಯೊ ನೋಡಿಯೋ ಇದನ್ನು ಶುರುಮಾಡುವಂತಿಲ್ಲ. ಗಾಯದ ಗೆರೆ ಎಲ್ಲಿದೆ, ಎದೆಯ ಸ್ನಾಯುವನ್ನು ತಿರುಗಿಸಿ ಕತ್ತಿಗೆ ಜೋಡಿಸಿದ್ದಾರೆಯೇ, ಎರಡೂ ಬದಿಯ ಗ್ರಂಥಿ ತೆಗೆದಿದ್ದಾರೆಯೇ ಎಂಬುದರ ಮೇಲೆ ದ್ರವ ಸಾಗಿಸುವ ದಾರಿ ಬದಲಾಗುತ್ತದೆ. ಮುಂದಿನ ದಾರಿ ಮುಚ್ಚಿದ್ದರೆ ಬೆನ್ನಿನ ಕಡೆಯಿಂದ ಕಂಕುಳಿಗೆ ಒಯ್ಯಬೇಕಾಗುತ್ತದೆ. ಮಿದುಳಿಗೆ ರಕ್ತ ಒಯ್ಯುವ ಧಮನಿ ಕಿರಿದಾಗಿರುವವರಿಗೆ, ಹೃದಯ ವೈಫಲ್ಯವಿರುವವರಿಗೆ, ಸೋಂಕಿರುವಾಗ, ಕ್ಯಾನ್ಸರ್ ಮರಳಿದ ಅನುಮಾನವಿರುವಾಗ ವೈದ್ಯರ ಒಪ್ಪಿಗೆಯಿಲ್ಲದೆ ಕತ್ತು ಮುಟ್ಟಕೂಡದು. ತರಬೇತಿ ಪಡೆದ ಫಿಸಿಯೊಥೆರಪಿಸ್ಟರ ಬಳಿ ರೋಗಿ ಮತ್ತು ಮನೆಯ ಇನ್ನೊಬ್ಬರು ಕೂಡಿ ಕಲಿತು, ಆಮೇಲೆ ಮನೆಯಲ್ಲಿ ದಿನವೂ ಮಾಡುವುದು ರೂಢಿ.

ನೀವಿದ ಮೇಲೆ ಇಳಿದ ಊತ ಮತ್ತೆ ತುಂಬದಂತೆ ಗದ್ದದ ಕೆಳಗಿನಿಂದ ನೆತ್ತಿಗೆ ಬರುವ ಮೃದು ಪಟ್ಟಿ ಕೊಡುತ್ತಾರೆ. ಊತ ಗಡುಸಾಗಿರುವ ಕಡೆ ಅದರ ಒಳಗೆ ಫೋಮಿನ ಚೂರುಗಳ ಮೆತ್ತೆ ಇಡುತ್ತಾರೆ. ದಿನಕ್ಕೆ ಕೆಲವು ಗಂಟೆಯೋ ರಾತ್ರಿ ಮಲಗುವಾಗಲೋ ಹಾಕಿಕೊಳ್ಳಬಹುದು. ಉಸಿರಿಗೆ, ನುಂಗಲಿಗೆ ಅಡ್ಡಿಯಾದರೆ ಅದು ಬಿಗಿಯಾಗಿದೆ ಎಂದೇ ಅರ್ಥ, ತಕ್ಷಣ ತೆಗೆಯಬೇಕು. ಕತ್ತಿನಲ್ಲಿ ಉಸಿರಾಟದ ರಂಧ್ರ ಇರುವವರ ಪಟ್ಟಿ ಅದನ್ನು ಮುಟ್ಟುವಂತೆಯೂ ಇರಬಾರದು. ಮಲಗುವಾಗ ಮಂಚದ ತಲೆಯ ಭಾಗವನ್ನೇ ಎತ್ತರಿಸುವುದು ಒಳ್ಳೆಯದು. ಬರೀ ದಿಂಬು ಪೇರಿಸಿದರೆ ಕತ್ತು ಮುಂದಕ್ಕೆ ಮಡಚಿ ಹರಿವಿಗೆ ಮತ್ತೆ ತಡೆಯಾಗುತ್ತದೆ.

ಒಳಗಿನ ಊತಕ್ಕೆ ಪಟ್ಟಿ ಕಟ್ಟುವಂತಿಲ್ಲ. ಅಲ್ಲಿ ದ್ರವವನ್ನು ತಳ್ಳಬೇಕಾದದ್ದು ನುಂಗುವ ಸ್ನಾಯುಗಳೇ. ಹೀಗಾಗಿ ನುಂಗುವ ವ್ಯಾಯಾಮ, ನಾಲಿಗೆ ಚಾಚುವ ವ್ಯಾಯಾಮಗಳನ್ನು ವಾಕ್ ಚಿಕಿತ್ಸಕರು ಹೇಳಿಕೊಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಚಿಕಿತ್ಸಕರನ್ನು ದಶಕಗಳಿಂದ ತಯಾರು ಮಾಡುತ್ತಿದೆ. ವಾಕ್ ಚಿಕಿತ್ಸೆ ಎಂದರೆ ಮಕ್ಕಳ ತೊದಲಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ, ಅದು ಹೋಗಬೇಕು. ಬಾಯಿ ತೆರೆಯುವ ವ್ಯಾಯಾಮವೂ ಜೊತೆಗಿರಬೇಕು. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಿಡಿಸಲಾಗದಿದ್ದರೆ ದವಡೆ ಬಿಗಿಯುತ್ತಿದೆ ಎಂದು ತಿಳಿಯಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ದಿನ ಕಳೆದಂತೆ ಒಂದೊಂದೇ ಹೆಚ್ಚಿಸುತ್ತ ದವಡೆ ಬಿಡಿಸುವ ವಿಧಾನ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಗುಟ್ಕಾ, ಅಡಿಕೆ ಜಗಿದು ಮೊದಲೇ ಬಾಯಿ ಬಿಗಿದವರಿಗೆ ಇದು ಇನ್ನೂ ಮುಖ್ಯ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದರೂ ಬಾಯಿಯ ಕ್ಯಾನ್ಸರ್ ಇಲ್ಲಿನ ಗಂಡಸರನ್ನು ಇಂದಿಗೂ ಬಿಟ್ಟಿಲ್ಲ.

ಇದೆಲ್ಲ ಫಲ ಕೊಡುತ್ತದೆಯೇ? ಹ್ಯೂಸ್ಟನ್ನಿನ ಎಂ. ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರ ತಲೆ-ಕತ್ತಿನ ಊತವಿದ್ದ 1,202 ರೋಗಿಗಳ ಅನುಭವವನ್ನು 2015ರಲ್ಲಿ ಪ್ರಕಟಿಸಿತು. ಚಿಕಿತ್ಸೆ ಪಡೆದು ಮರುಪರೀಕ್ಷೆಗೆ ಬಂದವರಲ್ಲಿ ಶೇ. 60 ಮಂದಿಗೆ ಸುಧಾರಣೆ ಕಂಡಿತ್ತು. ಹೇಳಿಕೊಟ್ಟದ್ದನ್ನು ಮನೆಯಲ್ಲಿ ಬಿಡದೆ ಮಾಡಿದವರಲ್ಲಿ ಫಲ ಹೆಚ್ಚು. ಬಹುಪಾಲು ರೋಗಿಗಳು ಆಸ್ಪತ್ರೆಗೆ ಮತ್ತೆಮತ್ತೆ ಬರಲಾಗದೆ ಮನೆಯಲ್ಲೇ ಮಾಡಿಕೊಂಡವರು ಎಂಬುದು ನಮ್ಮ ಕಡೆಯವರಿಗೆ ಧೈರ್ಯ ಕೊಡುವ ಮಾತು. ರಾಯಚೂರಿನಿಂದಲೋ ಶಿರಸಿಯಿಂದಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ವಾರಕ್ಕೆ ಮೂರು ಸಲ ಬರುವುದು ಯಾರಿಗೂ ಆಗದ ಕೆಲಸ. ಫಾಲೋಅಪ್‌ಗೆ ಬಂದಾಗಲೇ ಕೇಳಿ ಕಲಿತು ಹೋಗುವುದು ಆಗುವ ಕೆಲಸ.

ಗಾಳಿ ತುಂಬಿ ಅಲೆಅಲೆಯಾಗಿ ಒತ್ತುವ ಯಂತ್ರದ ಜಾಕೆಟ್, ಕಡಿಮೆ ಶಕ್ತಿಯ ಲೇಸರ್, ದುಗ್ಧನಾಳವನ್ನು ಸೂಕ್ಷ್ಮದರ್ಶಕದ ಕೆಳಗೆ ಸಿರೆಗೆ ಜೋಡಿಸುವ ಶಸ್ತ್ರಚಿಕಿತ್ಸೆ ಇವೂ ಇವೆ. ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಕೈಯಿಂದ ಆಗುವುದನ್ನು ಮೊದಲು ಮಾಡಿ ನೋಡುವುದೇ ಸರಿ.

ಊದಿದ ಜಾಗ ಸೋಂಕಿಗೆ ಬಲು ಬೇಗ ತುತ್ತಾಗುತ್ತದೆ. ಗಡ್ಡ ಹೆರೆಯುವಾಗಿನ ಸಣ್ಣ ಗಾಯ, ಹುಳುಕು ಹಲ್ಲು, ಒಡೆದ ಚರ್ಮ ಸಾಕು. ಬ್ಲೇಡಿನ ಬದಲು ಎಲೆಕ್ಟ್ರಿಕ್ ರೇಜರ್ ಬಳಸುವುದು, ಚರ್ಮಕ್ಕೆ ವಾಸನೆಯಿಲ್ಲದ ಮುಲಾಮು ಹಚ್ಚಿ ಮೆತ್ತಗಿಡುವುದು, ಬಿಸಿಲಿಗೆ ಹೋಗುವಾಗ ಹತ್ತಿಬಟ್ಟೆ ಹೊದೆಯುವುದು ಕ್ಷೇಮ. ಕತ್ತು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ನೀವಿಕೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಒಮ್ಮೆಗೇ ಹೆಚ್ಚಾದ ಊತ, ಕೈಗೆ ಹೊಸದಾಗಿ ಸಿಗುವ ಗಟ್ಟಿ ಗಂಟು, ರಕ್ತಸ್ರಾವ, ಉಸಿರೆಳೆದಾಗ ಸದ್ದು ಇವು ಕಾಯುವ ಲಕ್ಷಣಗಳಲ್ಲ. ಇನ್ನೊಂದು ಸಂಗತಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಕತ್ತಿಗೆ ಬಿದ್ದ ವಿಕಿರಣ ಥೈರಾಯ್ಡ್ ಗ್ರಂಥಿಯನ್ನೂ ಸೋಲಿಸಬಹುದು, ಆಗ ಮುಖ ಊದುವುದು ಅದರಿಂದಲೂ ಆಗಿರುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಮಾತ್ರೆಯಿಂದ ಸರಿಹೋಗುತ್ತದೆ.

ಒಪಿಡಿಯಲ್ಲಿ ಸರದಿ ಬರುವ ಹೊತ್ತಿಗೆ ಬೆಳಗಿನ ಊತ ಅರ್ಧ ಇಳಿದಿರುತ್ತದೆ. ಏನೂ ಕಾಣುತ್ತಿಲ್ಲವಲ್ಲ ಎಂದು ವೈದ್ಯರು ಹೇಳಿ ಕಳಿಸುವ ಸಂಭವವಿದೆ. ವಾರಕ್ಕೊಮ್ಮೆ, ಎದ್ದ ಕೂಡಲೇ, ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ಮುಂದಿನಿಂದ ಒಂದು, ಎರಡು ಪಕ್ಕದಿಂದ ಒಂದೊಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬಹುದು. ದರ್ಜಿಯ ಟೇಪಿನಿಂದ ಕತ್ತಿನ ಸುತ್ತಳತೆಯನ್ನು, ಗದ್ದದ ಅಡಿಯಿಂದ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗಿನ ಅಳತೆಯನ್ನು ತಾರೀಖಿನ ಮುಂದೆ ಬರೆದಿಡಬಹುದು. ಡಿಸ್ಚಾರ್ಜ್ ಚೀಟಿಯ ಜೊತೆ ಆ ಹಾಳೆಯನ್ನೂ ಫೋಟೋಗಳನ್ನೂ ಮೇಜಿನ ಮೇಲಿಟ್ಟು, ಇದು ಲಿಂಫೆಡೀಮಾ ಇರಬಹುದೇ, ಫಿಸಿಯೊಥೆರಪಿಗೂ ನುಂಗುವ ಪರೀಕ್ಷೆಗೂ ಬರೆದುಕೊಡುತ್ತೀರಾ ಎಂದು ನೇರವಾಗಿ ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ.